ವಿದ್ಯಾರ್ಥಿ ಫೀಡ್‌ಬ್ಯಾಕ್ ಯಾರ ಕೈಗೆ ಸೇರಬೇಕು? ಬೋಧಕರ ಸಂಘದ ಚೌಕಾಶಿ ತಂಡಕ್ಕೊಂದು ಮಾರ್ಗದರ್ಶಿ

ಸೆಮಿಸ್ಟರಿನ ಕೊನೆಯ ವಾರ ವಿದ್ಯಾರ್ಥಿ ತನ್ನ ಫೋನಿನಲ್ಲಿ ತುಂಬಿ ಕಳಿಸುವ ಫೀಡ್‌ಬ್ಯಾಕ್ ಫಾರಂ ಎಷ್ಟು ಕೈ ದಾಟುತ್ತದೆಂದು ಎಣಿಸಿ ನೋಡಿ. ಸರ್ವೇ ತಂತ್ರಾಂಶ ನಡೆಸುವ ಹೊರಗಿನ ಕಂಪನಿ, ವಿಶ್ವವಿದ್ಯಾಲಯದ ಐಟಿ ವಿಭಾಗ, ಅಂಕಿಅಂಶ ಕಚೇರಿ, ವಿಭಾಗದ ಮುಖ್ಯಸ್ಥರು, ಅವರ ಕಚೇರಿಯ ಸಹಾಯಕರು, ಡೀನ್, ಬಡ್ತಿ ಸಮಿತಿಯ ಐದಾರು ಸದಸ್ಯರು, ಕೆಲವೊಮ್ಮೆ ಹೊರಗಿನ ಪರಿಣತರು. ಪಾಠ ಮಾಡಿದವರು ಈ ಸಾಲಿನಲ್ಲಿ ಎಷ್ಟನೆಯವರೆಂದು ಕೇಳಿದರೆ ಥಟ್ಟನೆ ಹೇಳಬಲ್ಲವರು ಸಿಗುವುದು ಕಷ್ಟ. ಅಮೆರಿಕ ಮತ್ತು ಕೆನಡಾದ ಬೋಧಕರ ಸಂಘಗಳು ಈ ವಿಷಯವನ್ನು ಸಾಮೂಹಿಕ ಚೌಕಾಶಿಯ, ಅಂದರೆ ಸಂಘವೂ ಆಡಳಿತವೂ ಕೂತು ಕೆಲಸದ ಷರತ್ತುಗಳ ಕರಾರು ಮಾಡಿಕೊಳ್ಳುವ ಮಾತುಕತೆಯ, ಮೇಜಿಗೆ ತರುವುದು ಇದಕ್ಕೇ. ತಂದ ಮೇಲೆ ತಂಡಗಳು ಮತ್ತೆ ಮತ್ತೆ ಮಾಡುವ ತಪ್ಪೊಂದಿದೆ: “ವಿದ್ಯಾರ್ಥಿ ಮೌಲ್ಯಮಾಪನಗಳು ಗೌಪ್ಯವಾಗಿರತಕ್ಕದ್ದು” ಎಂಬ ಒಂದು ಸಾಲನ್ನು ಕರಾರಿಗೆ ಸೇರಿಸಿ, ಗೆದ್ದೆವೆಂದು ಎದ್ದು ಬರುವುದು. ಯಾರಿಂದ ಗೌಪ್ಯ, ಎಲ್ಲಿಯವರೆಗೆ, ಮುರಿದರೆ ಏನು ಎಂಬ ಯಾವುದಕ್ಕೂ ಆ ಸಾಲಿನಲ್ಲಿ ಉತ್ತರವಿಲ್ಲ. ಕಾಗದ ಯಾರ ಕೈಯಿಂದ ಯಾರ ಕೈಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದ ಕರಾರು ಮಾತ್ರ ಕೆಲಸಕ್ಕೆ ಬರುತ್ತದೆ. ಅದನ್ನು ಬರೆಯುವ ಬಗೆ ಹೀಗೆ.

ಮೊದಲು ಮೂರು ಪ್ರಶ್ನೆಗಳನ್ನು ಬಿಡಿಸಿಕೊಳ್ಳಿ

ತಂಡದ ಮೊದಲ ಸಭೆಯಲ್ಲೇ ಬೋರ್ಡಿನ ಮೇಲೆ ಬರೆದುಕೊಳ್ಳಿ. ಫಾರಂ ತುಂಬಿದ ವಿದ್ಯಾರ್ಥಿ ಯಾರೆಂದು ಯಾರಿಗೆ ತಿಳಿಯಬಹುದು? ಫಲಿತಾಂಶವನ್ನು ಯಾರು ನೋಡಬಹುದು? ನೋಡಿದವರು ಅದರಿಂದ ಏನು ಮಾಡಬಹುದು? ಮೊದಲನೆಯದು ವಿದ್ಯಾರ್ಥಿಯ ರಕ್ಷಣೆಗೆ ಸೇರಿದ್ದು, ಎರಡನೆಯದು ಬೋಧಕರ ಖಾಸಗಿತನಕ್ಕೆ, ಮೂರನೆಯದು ಬೋಧಕರ ಅನ್ನಕ್ಕೆ. ಮಾತುಕತೆಯಲ್ಲಿ ಈ ಮೂರೂ ಕಲಸಿಹೋಗುತ್ತವೆ. “ನಮ್ಮಲ್ಲಿ ಎಲ್ಲವೂ ಗೌಪ್ಯವೇ, ವಿದ್ಯಾರ್ಥಿಯ ಹೆಸರು ಎಲ್ಲೂ ಬರುವುದಿಲ್ಲ” ಎಂದು ಆಡಳಿತದ ಕಡೆಯವರು ಹೇಳಿದರೆ ಅದು ಮೊದಲ ಪ್ರಶ್ನೆಗೆ ಉತ್ತರ. ನೀವು ಕೇಳಿದ್ದು ಎರಡನೆಯದನ್ನಾಗಿದ್ದರೆ ಅಲ್ಲೇ ನಿಲ್ಲಿಸಿ, ಮತ್ತೆ ಕೇಳಿ.

ಅನಾಮಧೇಯಕ್ಕೂ ಗೌಪ್ಯಕ್ಕೂ ಇರುವ ವ್ಯತ್ಯಾಸವನ್ನೂ ಈ ಹಂತದಲ್ಲೇ ತಿಳಿದುಕೊಳ್ಳಬೇಕು. ಕಾಗದದ ಫಾರಂ ಇದ್ದಾಗ ಬರೆದವರು ಯಾರೆಂಬ ದಾಖಲೆಯೇ ಹುಟ್ಟುತ್ತಿರಲಿಲ್ಲ, ಕೈಬರಹದ ಗುರುತೊಂದನ್ನು ಬಿಟ್ಟರೆ. ವಿದ್ಯಾರ್ಥಿ ತನ್ನ ಖಾತೆಯಿಂದ ಲಾಗಿನ್ ಆಗಿ ತುಂಬುವ ಆನ್‌ಲೈನ್ ಸರ್ವೇಯಲ್ಲಿ ಹಾಗಲ್ಲ. ಇನ್ನೂ ತುಂಬದವರಿಗೆ ಜ್ಞಾಪನೆಯ ಇಮೇಲ್ ಹೋಗುತ್ತದೆಂದರೆ ಯಾರು ತುಂಬಿದ್ದಾರೆಂಬುದು ವ್ಯವಸ್ಥೆಗೆ ಗೊತ್ತಿದೆ ಎಂದೇ ಅರ್ಥ. ಆ ಪಟ್ಟಿ ಮತ್ತು ಉತ್ತರಗಳು ಒಂದೇ ಕಡೆ ಕೂತಿವೆಯೋ, ಜೋಡಿಸುವ ಕೊಂಡಿ ಉಳಿದಿದೆಯೋ ಎಂಬುದನ್ನು ಐಟಿಯವರಿಂದ ಬರವಣಿಗೆಯಲ್ಲಿ ಪಡೆಯಿರಿ. ಕೊಂಡಿ ಇದ್ದಾಗಲೂ ಫಾರಂ ಮೇಲೆ “ಅನಾಮಧೇಯ” ಎಂದು ಅಚ್ಚಾಗಿದ್ದರೆ ಅದು ವಿದ್ಯಾರ್ಥಿಗಳಿಗೆ ಹೇಳಿದ ಸುಳ್ಳು. ಈ ಒಂದು ಅಂಶ ವಿದ್ಯಾರ್ಥಿ ಸಂಘಟನೆಯನ್ನು ನಿಮ್ಮ ಪಕ್ಕಕ್ಕೆ ತರಬಲ್ಲದು.

ಈ ವಿಷಯ ಚೌಕಾಶಿಯ ವ್ಯಾಪ್ತಿಗೆ ಬರುತ್ತದೆಯೇ?

ಅಮೆರಿಕದಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ. ಖಾಸಗಿ ವಿಶ್ವವಿದ್ಯಾಲಯಗಳಿಗೆ 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಕಾಯ್ದೆ ಅನ್ವಯಿಸುತ್ತದೆ. ಆದರೆ 1980ರ ಯೆಶಿವಾ ವಿಶ್ವವಿದ್ಯಾಲಯದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಪೂರ್ಣಾವಧಿ ಪ್ರಾಧ್ಯಾಪಕರನ್ನು ಆ ಕಾಯ್ದೆಯ ರಕ್ಷಣೆಯಿಲ್ಲದ ಆಡಳಿತ ವರ್ಗಕ್ಕೆ ಸೇರಿಸಿತು. ಅಂದಿನಿಂದ ಖಾಸಗಿ ಸಂಸ್ಥೆಗಳ ಖಾಯಂ ಬೋಧಕರಿಗೆ ಸಂಘ ಕಟ್ಟುವುದೇ ಕಷ್ಟವಾಗಿದೆ. ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಆಯಾ ರಾಜ್ಯದ ಕಾನೂನು. ನ್ಯೂಯಾರ್ಕಿಗೆ ಸರ್ಕಾರಿ ನೌಕರರಿಗೆ ಚೌಕಾಶಿಯ ಹಕ್ಕು ಕೊಡುವ 1967ರ ಟೇಲರ್ ಕಾನೂನಿದೆ. ನಾರ್ತ್ ಕೆರೊಲೈನಾದಲ್ಲಿ ಸರ್ಕಾರಿ ನೌಕರರ ಸಂಘದೊಂದಿಗೆ ಕರಾರು ಮಾಡಿಕೊಳ್ಳುವುದೇ ನಿಷಿದ್ಧ. ಅಂಥ ಕಡೆ ವಿಶ್ವವಿದ್ಯಾಲಯದ ಸೆನೆಟ್, ಅಂದರೆ ಬೋಧಕರ ಪ್ರತಿನಿಧಿ ಸಭೆ, ಇದರ ನಿಯಮಾವಳಿಯ ಮೂಲಕವೇ ಹೋಗಬೇಕಾಗುತ್ತದೆ.

ಚೌಕಾಶಿಯ ಹಕ್ಕಿರುವ ಕಡೆಯೂ ಪ್ರತಿ ವಿಷಯವೂ ಕಡ್ಡಾಯವಲ್ಲ. 1958ರ ಬೋರ್ಗ್–ವಾರ್ನರ್ ತೀರ್ಪು ವಿಷಯಗಳನ್ನು ಕಡ್ಡಾಯ ಮತ್ತು ಐಚ್ಛಿಕ ಎಂದು ವಿಂಗಡಿಸಿತು. ರಾಜ್ಯಗಳ ಕಾನೂನುಗಳಲ್ಲೂ ಇಂಥದೇ ವಿಂಗಡಣೆ ನಡೆದುಬಂದಿದೆ. ಐಚ್ಛಿಕ ವಿಷಯದ ಮೇಲೆ ಎದುರಿನವರು ಮಾತನಾಡಲು ಒಪ್ಪದಿದ್ದರೆ ಒತ್ತಾಯಿಸುವಂತಿಲ್ಲ. ಪ್ರಸ್ತಾವದ ಪದಗಳು ಲೆಕ್ಕಕ್ಕೆ ಬರುವುದು ಇಲ್ಲಿ. ಉದಾಹರಣೆಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗೆ ಅನ್ವಯಿಸುವ, 1979ರಿಂದ ಜಾರಿಯಲ್ಲಿರುವ ಕಾನೂನು ನೇಮಕ, ಬಡ್ತಿ, ಮೌಲ್ಯಮಾಪನಗಳ ಮಾನದಂಡಗಳನ್ನು ಚೌಕಾಶಿಯಿಂದ ಹೊರಗಿಟ್ಟು, ಅಕಾಡೆಮಿಕ್ ಸೆನೆಟ್ ಮತ್ತು ಆಡಳಿತ ಮಂಡಳಿಯ ಸದಸ್ಯರಾದ ಟ್ರಸ್ಟಿಗಳ ಜಂಟಿ ಹೊಣೆಯಾಗಿಸಿದೆ. ಆದರೂ ಅಲ್ಲಿನ ಬೋಧಕರ ಕರಾರಿನಲ್ಲಿ ವಿದ್ಯಾರ್ಥಿ ಪ್ರಶ್ನಾವಳಿಗಳ ಬಗ್ಗೆ ನಿಯಮಗಳಿವೆ. ಅವು ಅನಾಮಧೇಯವಾಗಿರಬೇಕು, ಕೋರ್ಸು ಅಥವಾ ಸೆಕ್ಷನ್ನಿನಿಂದ ಮಾತ್ರ ಗುರುತಿಸಬೇಕು ಎಂಬುದೂ ಅವುಗಳಲ್ಲಿ ಸೇರಿದೆ. ಇದರಲ್ಲಿರುವ ಪಾಠ ಸರಳ: ಪ್ರಸ್ತಾವದಲ್ಲಿ “ಮಾನದಂಡ”, “ಉತ್ತಮ ಬೋಧನೆ ಎಂದರೇನು” ಎಂಬ ಮಾತುಗಳು ಬೇಡ. “ವಿಧಾನ”, “ಪ್ರವೇಶ”, “ಸಿಬ್ಬಂದಿ ಕಡತ”, “ನೋಟಿಸು”, “ಪ್ರತಿಕ್ರಿಯೆ ಸಲ್ಲಿಸುವ ಹಕ್ಕು” ಎಂಬ ಪದಗಳಲ್ಲಿ ಬರೆಯಿರಿ. ಫೀಡ್‌ಬ್ಯಾಕ್ ಹೇಗೆ ಸಂಗ್ರಹವಾಗಿ ಯಾರ ಕಡತಕ್ಕೆ ಹೋಗುತ್ತದೆಂಬುದು ಕೆಲಸದ ಷರತ್ತು ಎಂದು ವಾದಿಸುವುದು, ಅದು ಶೈಕ್ಷಣಿಕ ತೀರ್ಮಾನ ಎಂದು ಆಡಳಿತದವರು ವಾದಿಸುವುದಕ್ಕಿಂತ ಸುಲಭ.

ಕರಾರಿನ ಕೈಗೆ ಎಟುಕದ ಮೂರು ಜಾಗ

ಗೌಪ್ಯತೆಯ ಷರತ್ತು ಎಷ್ಟೇ ಬಿಗಿಯಾಗಿರಲಿ, ಕೆಲವು ಕಡೆ ಅದು ನಿಲ್ಲುವುದಿಲ್ಲ. ಸದಸ್ಯರಿಗೆ ಇದನ್ನು ಮೊದಲೇ ಹೇಳದಿದ್ದರೆ ಆಮೇಲೆ ಸಂಘವೇ ಮೋಸ ಮಾಡಿತೆಂಬ ಮಾತು ಬರುತ್ತದೆ.

ಮೊದಲನೆಯದು, ರಾಜ್ಯದ ಸಾರ್ವಜನಿಕ ದಾಖಲೆಗಳ ಕಾನೂನು. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಯಾವ ದಾಖಲೆ ಬಹಿರಂಗ, ಯಾವುದು ವಿನಾಯಿತಿಗೆ ಒಳಪಟ್ಟಿದ್ದು ಎಂಬುದನ್ನು ಆ ಕಾನೂನು ತೀರ್ಮಾನಿಸುತ್ತದೆ. ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದರಿಂದ, ಕರಡು ಬರೆಯುವ ಮುಂಚೆ ನಿಮ್ಮ ರಾಜ್ಯದ ಸಿಬ್ಬಂದಿ ದಾಖಲೆಯ ವಿನಾಯಿತಿಯನ್ನು ವಕೀಲರಿಂದ ಓದಿಸಿ. ಕಾನೂನು ಬಹಿರಂಗಪಡಿಸಿ ಎಂದರೆ ಕರಾರು ಅದನ್ನು ತಡೆಯಲಾರದು. ತಡೆಯಲಾಗದ ಕಡೆ ಮುನ್ಸೂಚನೆಯನ್ನಾದರೂ ಪಡೆಯಬಹುದು. ಅದರ ಮಾತು ಮುಂದೆ ಬರುತ್ತದೆ.

ಎರಡನೆಯದು, ತಾರತಮ್ಯದ ದೂರುಗಳು. 1990ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಟೆನ್ಯೂರ್ (ಬೋಧಕರ ಖಾಯಂ ನೇಮಕ) ಪರಿಶೀಲನೆಯ ಗೌಪ್ಯ ಕಾಗದಗಳನ್ನೂ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ಕೊಡಬೇಕೆಂದಿತು. ನಿಜ ಹೇಳಬೇಕೆಂದರೆ ಇದು ಬೋಧಕರಿಗೇ ಅನುಕೂಲ. ತಾರತಮ್ಯಕ್ಕೆ ಒಳಗಾದ ಸದಸ್ಯರು ತಮ್ಮ ಅಂಕಗಳನ್ನು ಸಹೋದ್ಯೋಗಿಯ ಅಂಕಗಳ ಪಕ್ಕ ಇಟ್ಟು ತೋರಿಸಬೇಕಾದ ದಿನ ಬಂದರೆ, ಸಂಘವೇ ಕಟ್ಟಿದ ಗೋಡೆ ಅಡ್ಡ ನಿಲ್ಲಬಾರದು.

ಮೂರನೆಯದರಲ್ಲಿ ಬಹಳ ಮಂದಿ ಎಡವುತ್ತಾರೆ. ವಿದ್ಯಾರ್ಥಿ ದಾಖಲೆಗಳನ್ನು ಕಾಯುವ 1974ರ ಫೆರ್ಪಾ ಕಾನೂನು ಬೋಧಕರ ಮೌಲ್ಯಮಾಪನವನ್ನೂ ಕಾಯುತ್ತದೆಂದು ಎರಡೂ ಕಡೆಯವರು ಹೇಳುವುದುಂಟು. ನೌಕರರಾಗಿ ಮಾತ್ರ ಒಬ್ಬರಿಗೆ ಸಂಬಂಧಿಸಿದ ದಾಖಲೆ ಫೆರ್ಪಾದ ಶೈಕ್ಷಣಿಕ ದಾಖಲೆಯಲ್ಲ, ಹಾಗಾಗಿ ಪ್ರಾಧ್ಯಾಪಕರಿಗೆ ಅದರಿಂದ ರಕ್ಷಣೆಯಿಲ್ಲ. ಆದರೆ ವಿದ್ಯಾರ್ಥಿ ಎಂಬ ಕಾರಣಕ್ಕೇ ಕೆಲಸ ಸಿಕ್ಕವರ, ಅಂದರೆ ಟೀಚಿಂಗ್ ಅಸಿಸ್ಟೆಂಟ್‌ಗಳ ಉದ್ಯೋಗ ದಾಖಲೆಗಳು ಫೆರ್ಪಾ ವ್ಯಾಪ್ತಿಗೆ ಬರುತ್ತವೆ. ನಿಮ್ಮ ಸಂಘ ಪ್ರತಿನಿಧಿಸುವ ಘಟಕದಲ್ಲಿ ಪ್ರಾಧ್ಯಾಪಕರೂ ಪಾಠ ಮಾಡುವ ಸಂಶೋಧನಾ ವಿದ್ಯಾರ್ಥಿಗಳೂ ಒಟ್ಟಿಗೆ ಇದ್ದರೆ ಇಬ್ಬರಿಗೂ ಬೇರೆ ಬೇರೆ ಪ್ಯಾರಾ ಬರೆಯಲೇಬೇಕು.

ಮಾಹಿತಿ ಕೇಳುವ ಪತ್ರ

ಕರಡಿಗೆ ಮೊದಲು ಮಾಹಿತಿ. ಚೌಕಾಶಿಗೆ ಸಂಬಂಧಿಸಿದ ಮಾಹಿತಿಯನ್ನು ಸಂಘ ಕೇಳಿದರೆ ಕೊಡುವುದು ಸದ್ಭಾವನೆಯ ಚೌಕಾಶಿಯ ಭಾಗ. ಪತ್ರದಲ್ಲಿ ಇಷ್ಟನ್ನಾದರೂ ಕೇಳಿ: ಈಗ ಬಳಕೆಯಲ್ಲಿರುವ ಎಲ್ಲ ಫಾರಂಗಳು, ವಿಭಾಗಗಳು ತಾವಾಗಿ ಸೇರಿಸಿಕೊಂಡ ಪ್ರಶ್ನೆಗಳೂ ಸೇರಿ, ಸರ್ವೇ ಕಂಪನಿಯೊಂದಿಗಿನ ಒಪ್ಪಂದ, ತಂತ್ರಾಂಶದಲ್ಲಿ ಯಾವ ಹುದ್ದೆಗೆ ಯಾವ ಪರದೆ ತೆರೆಯುತ್ತದೆಂಬ ಪಟ್ಟಿ, ಕಳೆದ ಐದು ವರ್ಷಗಳ ವಿಭಾಗವಾರು ಪ್ರತಿಕ್ರಿಯೆ ಪ್ರಮಾಣ; ಬಡ್ತಿ, ಟೆನ್ಯೂರ್, ಮರುನೇಮಕ ನಿರಾಕರಣೆಯ ಪತ್ರಗಳಲ್ಲಿ ಫೀಡ್‌ಬ್ಯಾಕ್ ಉಲ್ಲೇಖವಾದ ಪ್ರಕರಣಗಳ ಸಂಖ್ಯೆ, ಹಳೆಯ ದಾಖಲೆಗಳನ್ನು ಅಳಿಸುವ ನಿಯಮ.

ಹೆಸರು ಸಹಿತ ವೈಯಕ್ತಿಕ ಅಂಕಗಳನ್ನು ಕೇಳಬೇಡಿ. 1979ರ ಡೆಟ್ರಾಯಿಟ್ ಎಡಿಸನ್ ಪ್ರಕರಣದಲ್ಲಿ ಸಂಘವೊಂದು ನೌಕರರ ಪರೀಕ್ಷಾ ಅಂಕಗಳನ್ನು ಹೆಸರಿನೊಂದಿಗೆ ಕೇಳಿತ್ತು. ಆಯಾ ನೌಕರರ ಒಪ್ಪಿಗೆ ಇಲ್ಲದೆ ಕೊಡುವುದಿಲ್ಲವೆಂದ ಕಂಪನಿಯ ನಿಲುವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಗೌಪ್ಯತೆಗೆ ಹೋರಾಡುವ ಸಂಘವೇ ಸದಸ್ಯರ ಅಂಕಗಳನ್ನು ಹೆಸರಿಟ್ಟು ಕೇಳಿದರೆ ಎದುರಿನವರ ಕೈಗೆ ಅಸ್ತ್ರ ಕೊಟ್ಟಂತೆ. ಹೆಸರು ತೆಗೆದ ದತ್ತಾಂಶ ಕೇಳಿ. ಹೆಸರು ಬೇಕೇ ಬೇಕಾದ ಪ್ರಕರಣಗಳಿಗೆ ಸದಸ್ಯರ ಸಹಿಯ ಒಪ್ಪಿಗೆ ಪತ್ರ ಲಗತ್ತಿಸಿ.

ಉತ್ತರ ಬಂದ ಮೇಲೆ ಒಂದು ದೊಡ್ಡ ಹಾಳೆಯಲ್ಲಿ ಫೀಡ್‌ಬ್ಯಾಕಿನ ದಾರಿ ಬಿಡಿಸಿ. ಪ್ರತಿ ನಿಲ್ದಾಣದಲ್ಲೂ ಮೂರು ಟಿಪ್ಪಣಿ: ಇಲ್ಲಿ ಪ್ರತಿ ಉಳಿಯುತ್ತದೆಯೇ, ಯಾರು ತೆರೆಯಬಹುದು, ತೆರೆದದ್ದು ದಾಖಲಾಗುತ್ತದೆಯೇ. ಸೋರುವ ಜಾಗಗಳು ಸಾಮಾನ್ಯವಾಗಿ ದೊಡ್ಡ ವ್ಯವಸ್ಥೆಯಲ್ಲಿರುವುದಿಲ್ಲ. ಮುಖ್ಯಸ್ಥರು ಡೌನ್‌ಲೋಡ್ ಮಾಡಿ ಇಟ್ಟುಕೊಂಡ ಸ್ಪ್ರೆಡ್‌ಶೀಟ್, ಹಳೆಯ ಮುಖ್ಯಸ್ಥರಿಂದ ತೆಗೆಯಲು ಮರೆತ ಅನುಮತಿ, ಸಮಿತಿಯ ಇಮೇಲ್‌ಗೆ ಅಂಟಿಸಿದ ಪಿಡಿಎಫ್: ಇಂಥವೇ.

ಕರಡು: ಒಂದೊಂದು ಸಾಲಿಗೂ ಒಂದು ಬಾಗಿಲು

ಕರಾರಿನ ಈ ಭಾಗ ಉದ್ದವಾದರೂ ಪರವಾಗಿಲ್ಲ. ಕೆಳಗಿನ ಮಾದರಿಗಳನ್ನು ನಿಮ್ಮ ಕರಾರಿನ ಭಾಷೆಗೆ ಹೊಂದಿಸಿಕೊಳ್ಳಿ.

ಪ್ರವೇಶದ ಸಾಲು ಎಲ್ಲಕ್ಕಿಂತ ಮುಖ್ಯ. “ಕೋರ್ಸಿನ ಪ್ರಶ್ನಾವಳಿಯ ಫಲಿತಾಂಶವು ವಿದ್ಯಾರ್ಥಿಗಳ ಅಂತಿಮ ಅಂಕಗಳು ಸಲ್ಲಿಕೆಯಾದ ಮೇಲೆ ಮೊದಲು ಬೋಧಕರಿಗೆ ಲಭ್ಯವಾಗತಕ್ಕದ್ದು. ಹದಿನಾಲ್ಕು ದಿನಗಳ ನಂತರ, ಈ ಕೆಳಗೆ ಹೆಸರಿಸಿದ ಹುದ್ದೆಯವರಿಗೆ ಮಾತ್ರ, ಈ ಕೆಳಗೆ ಹೇಳಿದ ಉದ್ದೇಶಕ್ಕೆ ಮಾತ್ರ ಲಭ್ಯವಾಗತಕ್ಕದ್ದು.” ಹದಿನಾಲ್ಕು ದಿನ ಏಕೆಂದರೆ ಬೋಧಕರು ಓದಿ, ಬೇಕಿದ್ದರೆ ತಮ್ಮ ವಿವರಣೆ ಬರೆದು ಲಗತ್ತಿಸಲು ಅಷ್ಟು ಸಮಯ ಬೇಕು. ಹುದ್ದೆಗಳನ್ನು ಹೆಸರಿಸಿಯೇ ಬರೆಯಿರಿ. “ಸಂಬಂಧಪಟ್ಟ ಆಡಳಿತಗಾರರು” ಎಂದು ಬಿಟ್ಟರೆ ಸಂಬಂಧಪಡದವರು ಯಾರೂ ಉಳಿಯುವುದಿಲ್ಲ. ಅಂಕಗಳು ಸಲ್ಲಿಕೆಯಾಗುವ ಮುಂಚೆ ಬೋಧಕರೂ ನೋಡುವಂತಿಲ್ಲ ಎಂಬ ಭಾಗ ವಿದ್ಯಾರ್ಥಿಯನ್ನು ಕಾಯುತ್ತದೆ; ಅದನ್ನು ನೀವೇ ಮುಂದಾಗಿ ಇಟ್ಟರೆ ಉಳಿದ ಪ್ರಸ್ತಾವಕ್ಕೆ ತೂಕ ಬರುತ್ತದೆ.

ಬರಹದ ಅಭಿಪ್ರಾಯಗಳಿಗೂ ಅಂಕಗಳಿಗೂ ಬೇರೆ ನಿಯಮ ಬೇಕು. ಹಲವು ಸಂಘಗಳು ಅಭಿಪ್ರಾಯಗಳು ಬೋಧಕರಿಗೆ ಮಾತ್ರ ಹೋಗಲಿ ಎಂದು ಕೇಳುತ್ತವೆ. ಬೈಗುಳ, ಮೈಬಣ್ಣ, ಉಚ್ಚಾರಣೆ, ಉಡುಪಿನ ಬಗೆಗಿನ ಮಾತುಗಳು ಬರುವುದು ಆ ಖಾಲಿ ಪೆಟ್ಟಿಗೆಯಲ್ಲೇ ಆದ್ದರಿಂದ ಇದು ಅರ್ಥವಾಗುವ ಬೇಡಿಕೆ. ಆದರೆ ಸಂಖ್ಯೆಯನ್ನು ಮಾತ್ರ ಸಮಿತಿಗೆ ಕಳಿಸಿ ಅಭಿಪ್ರಾಯ ತಡೆದರೆ, ಸಂದರ್ಭ ಕಳಚಿದ ಸರಾಸರಿಯೊಂದೇ ಸಮಿತಿಯ ಮುಂದೆ ಉಳಿಯುತ್ತದೆ. ಅದು ಇನ್ನೂ ಕೆಟ್ಟದ್ದು. ನಡುವಿನ ದಾರಿ: ಅಭಿಪ್ರಾಯಗಳು ಬೋಧಕರಿಗೆ ಸೇರಿದ್ದು, ಅವರು ಇಚ್ಛಿಸಿದರೆ ಕಡತಕ್ಕೆ ಸೇರಿಸಬಹುದು, ಸೇರಿಸುವುದಾದರೆ ಆ ಕೋರ್ಸಿನ ಎಲ್ಲವನ್ನೂ ಸೇರಿಸಬೇಕು. ಹೊಗಳಿಕೆಯನ್ನಷ್ಟೇ ಆರಿಸಿ ಕೊಡುತ್ತಾರೆಂಬ ಆಡಳಿತದ ಆಕ್ಷೇಪಕ್ಕೆ ಈ ಕೊನೆಯ ಮಾತೇ ಉತ್ತರ.

ನಿಂದನೆಯ ಮಾತುಗಳನ್ನು ಯಾರು ಸೋಸಬೇಕು? ಪದಪಟ್ಟಿಯಿಟ್ಟು ಯಂತ್ರದಿಂದ ಸೋಸಿದರೆ ಬೈಗುಳ ಸಿಗುತ್ತದೆ; “ಇವರ ಊರಿಗೆ ಇವರು ವಾಪಸು ಹೋಗಲಿ” ಎಂಬಂಥ ವಾಕ್ಯ ಜಾರಿಹೋಗುತ್ತದೆ. ಬೋಧಕರು ಬರವಣಿಗೆಯಲ್ಲಿ ಕೇಳಿದರೆ, ವಿಭಾಗಕ್ಕೆ ಸೇರದ ಇಬ್ಬರ ಸಮಿತಿ ಹತ್ತು ದಿನಗಳಲ್ಲಿ ನೋಡಿ ಕಡತದಿಂದ ತೆಗೆಯುವ ವ್ಯವಸ್ಥೆ ಇರಲಿ. ತೆಗೆದ ಮೂಲಪ್ರತಿಯನ್ನು ಮುಚ್ಚಿದ ದಾಖಲೆಯಾಗಿ ಉಳಿಸಬೇಕು, ಏಕೆಂದರೆ ಮುಂದೆ ಅದೇ ತಾರತಮ್ಯದ ಸಾಕ್ಷ್ಯವಾಗಬಹುದು. ಹಿಂಸೆಯ ಬೆದರಿಕೆ ಇದ್ದಾಗ ಮಾತ್ರ ಬರೆದವರ ಗುರುತು ಪತ್ತೆ ಮಾಡಬಹುದು, ಹೆಸರಿಸಿದ ಒಂದು ಕಚೇರಿಯೇ ಮಾಡಬೇಕು, ಬೋಧಕರಿಗೂ ಮುಖ್ಯಸ್ಥರಿಗೂ ಹೆಸರು ತಿಳಿಯಬಾರದು ಎಂದು ಸೇರಿಸಿ.

ಸಣ್ಣ ತರಗತಿಗಳಿಗೆ ಪ್ರತ್ಯೇಕ ಸಾಲು. ನಾಲ್ಕು ಮಂದಿ ಇರುವ ಸೆಮಿನಾರಿನಲ್ಲಿ ಅನಾಮಧೇಯತೆ ಎಂಬುದು ನಾಮಕಾವಸ್ತೆ. “ಐದಕ್ಕಿಂತ ಕಡಿಮೆ ಉತ್ತರ ಬಂದ ಕೋರ್ಸಿನ ಫಲಿತಾಂಶ ಯಾರಿಗೂ ವರದಿಯಾಗತಕ್ಕದ್ದಲ್ಲ” ಎನ್ನುವುದು ಕನಿಷ್ಠ. ಹಲವು ಸೆಮಿಸ್ಟರುಗಳನ್ನು ಒಟ್ಟುಗೂಡಿಸಿ ಐದು ದಾಟಿಸಬಹುದೇ ಎಂಬುದನ್ನೂ ಬರೆದಿಡಿ, ಇಲ್ಲದಿದ್ದರೆ ಐಟಿಯವರು ತಮಗೆ ತೋಚಿದಂತೆ ಮಾಡುತ್ತಾರೆ. ಲಿಂಗ, ವರ್ಷ, ಮುಖ್ಯ ವಿಷಯ ಕೇಳುವ ಪ್ರಶ್ನೆಗಳಿದ್ದರೆ ಉತ್ತರಗಳನ್ನು ಹಾಗೆ ವಿಂಗಡಿಸಿ ತೋರಿಸಬಾರದು. ಮೂವತ್ತು ಜನರ ತರಗತಿಯಲ್ಲೂ ಕೊನೆಯ ವರ್ಷದ ಗಣಿತದ ಹುಡುಗಿ ಒಬ್ಬಳೇ ಇರಬಹುದು.

ಹೊರಗೆ ಪ್ರಕಟಿಸುವ ವಿಷಯದಲ್ಲಿ, ಕೋರ್ಸ್ ಆರಿಸುವ ವಿದ್ಯಾರ್ಥಿಗಳಿಗೆ ಅಂಕಗಳನ್ನು ತೋರಿಸುವ ಪದ್ಧತಿ ಇದ್ದರೆ ಅದು ಬೋಧಕರ ಒಪ್ಪಿಗೆಯ ಮೇಲೆ ಮಾತ್ರ ನಡೆಯಲಿ. ಒಪ್ಪಿಗೆಯ ಫಾರಂ ಮುಖ್ಯಸ್ಥರ ಮೇಜಿನ ಮೂಲಕ ಬಂದರೆ ಅದನ್ನು ಒಪ್ಪಿಗೆ ಎನ್ನಲಾಗದು. ಬೋಧಕರೇ ವ್ಯವಸ್ಥೆಯಲ್ಲಿ ಗುರುತು ಹಾಕುವಂತಿರಬೇಕು, ಯಾರು ಹಾಕಿಲ್ಲವೆಂಬ ಪಟ್ಟಿ ಆಡಳಿತಕ್ಕೆ ಕಾಣಬಾರದು.

ಮುನ್ಸೂಚನೆಯ ಸಾಲು: “ಸಾರ್ವಜನಿಕ ದಾಖಲೆಗಳ ಕಾನೂನಿನಡಿ ಅಥವಾ ನ್ಯಾಯಾಲಯದ ಆದೇಶದಂತೆ ಬೋಧಕರ ಫೀಡ್‌ಬ್ಯಾಕ್ ಹೊರಗೆ ಕೊಡಬೇಕಾಗಿ ಬಂದರೆ, ಕೊಡುವ ಮುಂಚೆ, ಕಾನೂನು ಅವಕಾಶ ಕೊಡುವ ಮಟ್ಟಿಗೆ, ಬೋಧಕರಿಗೂ ಸಂಘಕ್ಕೂ ಐದು ಕೆಲಸದ ದಿನಗಳ ಬರಹದ ನೋಟಿಸು ಕೊಡತಕ್ಕದ್ದು.” ಕಾನೂನಿನ ವಿನಾಯಿತಿ ಇದ್ದರೆ ವಿಶ್ವವಿದ್ಯಾಲಯ ಅದನ್ನು ಕೇಳಲೇಬೇಕು ಎಂದೂ ಸೇರಿಸಿ. ಕೆಲವು ವಿನಾಯಿತಿಗಳು ಐಚ್ಛಿಕ. ಕರಾರಿನಲ್ಲಿ ಇಲ್ಲದಿದ್ದರೆ ಕಚೇರಿಯವರು ಜಗಳ ಬೇಡವೆಂದು ಕೊಟ್ಟು ಕಳಿಸುತ್ತಾರೆ.

ಹೊರಗಿನ ಕಂಪನಿಯ ಬಗ್ಗೆ ಆರು ತಿಂಗಳ ಹಿಂದಿನ ಕರಡೂ ಈಗ ಹಳೆಯದು. ದತ್ತಾಂಶ ಮಾರಬಾರದು, ಒಪ್ಪಂದ ಮುಗಿದಾಗ ಅಳಿಸಿ ಪತ್ರ ಕೊಡಬೇಕು ಎಂಬುವು ಮೊದಲಿನಿಂದಲೂ ಇವೆ. ಈಗ ನೂರಾರು ಅಭಿಪ್ರಾಯಗಳನ್ನು ಎಐ ಸಾಧನಕ್ಕೆ ಕೊಟ್ಟು ಅರ್ಧ ಪುಟದ ಸಾರಾಂಶ ತೆಗೆಯುವ ಆಸೆ ಡೀನ್ ಕಚೇರಿಗಳಿಗೆ ಸಹಜ. ಆ ಸಾರಾಂಶ ಒಂದು ಕಹಿ ಮಾತನ್ನು “ಹಲವು ವಿದ್ಯಾರ್ಥಿಗಳು” ಎಂದು ಬರೆದರೆ ಪರಿಶೀಲಿಸುವವರಿಲ್ಲ. ಅಭಿಪ್ರಾಯಗಳನ್ನು ಯಾವುದೇ ಸ್ವಯಂಚಾಲಿತ ಸಾರಾಂಶ ಸಾಧನಕ್ಕೆ ಹಾಕಬಾರದು, ಹಾಗೆ ತೆಗೆದ ಸಾರಾಂಶ ಸಿಬ್ಬಂದಿ ನಿರ್ಧಾರಕ್ಕೆ ಬಳಕೆಯಾಗಬಾರದು ಎಂದು ಈಗಲೇ ಬರೆಸಿಕೊಳ್ಳಿ. ಎಲ್ಲರೂ ಬಳಸಲು ಶುರುಮಾಡಿದ ಮೇಲೆ ಅದೇ ರೂಢಿಯಾಗುತ್ತದೆ.

ಬಳಕೆಗೆ ಮಿತಿ

ನೋಡುವುದನ್ನು ತಡೆಯಲಾಗದ ಕಡೆ ಬಳಸುವುದನ್ನು ತಡೆಯಬಹುದು. ಇದರಲ್ಲಿ ಕೆನಡಾದ ಒಂದು ತೀರ್ಪು ದಾರಿ ತೋರಿಸಿದೆ. ಟೊರೊಂಟೊದ ರೈಯರ್ಸನ್ ವಿಶ್ವವಿದ್ಯಾಲಯ (2022ರಿಂದ ಟೊರೊಂಟೊ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯ) ಮತ್ತು ಅದರ ಬೋಧಕರ ಸಂಘದ ನಡುವೆ ವರ್ಷಗಟ್ಟಲೆ ಎಳೆದ ವಿವಾದದಲ್ಲಿ ಮಧ್ಯಸ್ಥ ತೀರ್ಪುಗಾರ ವಿಲಿಯಂ ಕ್ಯಾಪ್ಲಾನ್ 2018ರ ಜೂನ್‌ನಲ್ಲಿ ತೀರ್ಪು ಕೊಟ್ಟರು: ವಿದ್ಯಾರ್ಥಿ ಸರ್ವೇ ಫಲಿತಾಂಶವನ್ನು ಬಡ್ತಿ ಮತ್ತು ಟೆನ್ಯೂರ್‌ಗಾಗಿ ಬೋಧನೆಯ ಪರಿಣಾಮವನ್ನು ಅಳೆಯಲು ಬಳಸುವಂತಿಲ್ಲ. ವಿದ್ಯಾರ್ಥಿಯ ಅನುಭವ ತಿಳಿಯಲು ಅದು ಉಪಯುಕ್ತವೆಂಬುದನ್ನು ಅವರು ಒಪ್ಪಿದರು. ಸಂಘದ ಪರವಾಗಿ ವರದಿ ಕೊಟ್ಟ ಪರಿಣತರಲ್ಲಿ ಬರ್ಕ್ಲಿಯ ಸಂಖ್ಯಾಶಾಸ್ತ್ರಜ್ಞ ಫಿಲಿಪ್ ಸ್ಟಾರ್ಕ್ ಒಬ್ಬರು. ಆ ತೀರ್ಪು ಬೇರೆ ಸಂಸ್ಥೆಯನ್ನು ಕಟ್ಟಿಹಾಕುವುದಿಲ್ಲ. ಮೇಜಿನ ಮೇಲೆ ಇಡಲು ತೂಕದ ಕಾಗದ, ಅಷ್ಟೇ.

ಸಾಕ್ಷ್ಯ ಬೇಕೆಂದರೆ 2015ರ ಮ್ಯಾಕ್‌ನೆಲ್, ಡ್ರಿಸ್ಕಾಲ್, ಹಂಟ್ ಅವರ ಪ್ರಯೋಗ ಹೇಳಲು ಸುಲಭ. ಆನ್‌ಲೈನ್ ತರಗತಿಯಲ್ಲಿ ಬೋಧಕರು ಗಂಡು, ಹೆಣ್ಣು ಎರಡೂ ಹೆಸರಿನಲ್ಲಿ ಕಾಣಿಸಿಕೊಂಡರು. ನಿಜವಾಗಿ ಪಾಠ ನಡೆಸಿದವರು ಯಾರೇ ಇರಲಿ, ಗಂಡಿನ ಹೆಸರಿಗೆ ಹೆಚ್ಚು ಅಂಕ ಬಿತ್ತು. ತರಗತಿ ಚಿಕ್ಕದು, ಆದ್ದರಿಂದ ಇದೊಂದನ್ನೇ ನೆಚ್ಚಿಕೊಳ್ಳಬೇಡಿ. 2017ರಲ್ಲಿ ಉಟ್ಲ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಫೀಡ್‌ಬ್ಯಾಕ್ ಅಂಕಕ್ಕೂ ವಿದ್ಯಾರ್ಥಿಗಳ ಕಲಿಕೆಗೂ ಅರ್ಥಪೂರ್ಣ ಸಂಬಂಧ ಕಾಣುವುದಿಲ್ಲ ಎಂದರು. ಇವೆರಡನ್ನೂ ಒಟ್ಟಿಗೆ ಇಡಿ.

ಆದರೆ ಟ್ರಸ್ಟಿಗಳ ಮುಂದೆ ಕೆಲಸ ಮಾಡುವುದು ಬೆರಳ ಮೇಲಿನ ಲೆಕ್ಕ. ಹನ್ನೆರಡು ಮಂದಿಯ ತರಗತಿಯಲ್ಲಿ ಐವರು ಉತ್ತರಿಸಿದ್ದಾರೆ: 5, 5, 4, 4, 1. ಸರಾಸರಿ 3.8. ಆ ಒಂದು ಅಂಕ ಕೊಟ್ಟವರು ಅಂದು ಫೋನ್ ತೆರೆಯದಿದ್ದರೆ 4.5. ವಿಭಾಗದ ಸರಾಸರಿ 4.2 ಆಗಿದ್ದರೆ ಅದೇ ಬೋಧಕರು ಒಂದು ಸಲ ಸರಾಸರಿಗಿಂತ ಕೆಳಗೆ, ಇನ್ನೊಂದು ಸಲ ಮೇಲೆ; ಪಾಠ ಒಂದೇ. ಉಳಿದ ಏಳು ಮಂದಿಯ ಅಭಿಪ್ರಾಯ ಏನೆಂದು ಯಾರಿಗೂ ಗೊತ್ತಿಲ್ಲ. ಹೀಗಾಗಿ ಕರಾರಿನಲ್ಲಿ: ಫಲಿತಾಂಶವನ್ನು ಸರಾಸರಿಯಾಗಿ ಕೊಡದೆ ಪ್ರತಿ ಅಂಕಕ್ಕೆ ಎಷ್ಟು ಮಂದಿ ಎಂಬ ಹಂಚಿಕೆಯಾಗಿ, ಉತ್ತರಿಸಿದವರ ಪ್ರಮಾಣದೊಂದಿಗೆ ತೋರಿಸಬೇಕು, ಬೋಧಕರನ್ನು ಶ್ರೇಣಿ ಹಚ್ಚಬಾರದು, ಫೀಡ್‌ಬ್ಯಾಕ್ ಯಾವ ನಿರ್ಧಾರಕ್ಕೂ ಒಂಟಿ ಅಥವಾ ಮುಖ್ಯ ಆಧಾರವಾಗಬಾರದು.

ತಾತ್ಕಾಲಿಕ ಮತ್ತು ಅರೆಕಾಲಿಕ ಬೋಧಕರಿಗೆ ಈ ರಕ್ಷಣೆ ಸಾಲುವುದಿಲ್ಲ. ಅವರಿಗೆ ಬಡ್ತಿ ಸಮಿತಿಯೇ ಇರುವುದಿಲ್ಲ. ಮುಖ್ಯಸ್ಥರು ಒಂದು ಸಂಜೆ ಅಂಕಗಳ ಪಟ್ಟಿ ನೋಡಿ, ಮುಂದಿನ ಸೆಮಿಸ್ಟರಿಗೆ ಕರೆಯುವುದಿಲ್ಲ. ಕಾರಣ ಕೊಡಬೇಕಿಲ್ಲ, ಹಾಗಾಗಿ ಬಳಸಿದ್ದೇ ತಿಳಿಯುವುದಿಲ್ಲ. ಅವರಿಗಾಗಿ ಈ ಸಾಲು ಬೇಕೇ ಬೇಕು: “ಮರುನೇಮಕ ಮಾಡದಿರುವ ನಿರ್ಧಾರದಲ್ಲಿ ವಿದ್ಯಾರ್ಥಿ ಫೀಡ್‌ಬ್ಯಾಕ್ ಅನ್ನು ಪರಿಗಣಿಸಿದ್ದರೆ ಅದನ್ನು ಬರವಣಿಗೆಯಲ್ಲಿ ತಿಳಿಸತಕ್ಕದ್ದು ಮತ್ತು ಬೋಧಕರಿಗೆ ಉತ್ತರಿಸಲು ಅವಕಾಶ ಕೊಡತಕ್ಕದ್ದು.” ಖಾಯಂ ಪ್ರಾಧ್ಯಾಪಕರೇ ತುಂಬಿರುವ ತಂಡಗಳು ಕೊನೆಯ ರಾತ್ರಿಯ ಕೊಡುಕೊಳ್ಳುವಿಕೆಯಲ್ಲಿ ಮೊದಲು ಬಿಟ್ಟುಕೊಡುವ ಸಾಲೂ ಇದೇ. ಬಿಡಬೇಡಿ.

ಮೇಜಿನ ಬಳಿ

ಪ್ರಸ್ತಾವ ಇಡುವ ಮೊದಲು ವಿದ್ಯಾರ್ಥಿ ಸಂಘಟನೆಯ ಜೊತೆ ಕೂತು ಮಾತನಾಡಿ. ಇಲ್ಲದಿದ್ದರೆ “ಬೋಧಕರು ತಮ್ಮ ತಪ್ಪು ಮುಚ್ಚಿಡಲು ನೋಡುತ್ತಿದ್ದಾರೆ” ಎಂಬ ತಲೆಬರಹ ಕ್ಯಾಂಪಸ್ ಪತ್ರಿಕೆಯಲ್ಲಿ ಬರುತ್ತದೆ, ಅದಕ್ಕೆ ಉತ್ತರಿಸುವುದರಲ್ಲೇ ತಿಂಗಳು ಕಳೆಯುತ್ತದೆ. ತಾವು ಬರೆದದ್ದನ್ನು ಯಾರಾದರೂ ಓದಿ ಏನಾದರೂ ಬದಲಾಯಿಸಿದ್ದಾರೆಯೇ ಎಂಬುದೇ ವಿದ್ಯಾರ್ಥಿಗಳ ಮುಖ್ಯ ಪ್ರಶ್ನೆ. ಸೆಮಿಸ್ಟರಿನ ನಡುವೆ, ಬೋಧಕರು ಮಾತ್ರ ನೋಡುವ ಸಣ್ಣ ಫೀಡ್‌ಬ್ಯಾಕ್ ಒಂದನ್ನು ನಿಮ್ಮ ಪ್ರಸ್ತಾವದಲ್ಲೇ ಸೇರಿಸಿ. ಆ ತರಗತಿಗೇ ಫಲ ಸಿಗುವುದು ಅದರಿಂದ ಮಾತ್ರ.

ಆಡಳಿತದ ಕಡೆಯಿಂದ ಬರುವ ಗಟ್ಟಿ ವಾದ: ಬೋಧನೆಯನ್ನು ನೋಡದೆ ಬಡ್ತಿ ಕೊಡುವುದು ಹೇಗೆ? ಇದಕ್ಕೆ ಖಾಲಿ ಕೈಯಲ್ಲಿ ಹೋಗಬೇಡಿ. ಸಹೋದ್ಯೋಗಿಗಳ ತರಗತಿ ವೀಕ್ಷಣೆ, ಪಠ್ಯಯೋಜನೆ ಮತ್ತು ಪರೀಕ್ಷೆಗಳ ಪರಿಶೀಲನೆ, ಬೋಧಕರ ಸ್ವವಿವರಣೆ ಇರುವ ಕಡತದ ವಿಧಾನವನ್ನು ಜೊತೆಗೇ ಇಡಿ. ಅದಕ್ಕೆ ಹಿಡಿಯುವ ಸಮಯಕ್ಕೆ ಕೆಲಸದ ಹೊರೆಯಲ್ಲಿ ಲೆಕ್ಕ ಕೇಳುವುದನ್ನು ಮರೆಯಬೇಡಿ. ವೀಕ್ಷಣೆ ಪುಕ್ಕಟೆಯಾಗಿ ನಡೆಯುವುದಿಲ್ಲ.

ಅವರು ಸಾಮಾನ್ಯವಾಗಿ ಮುಂದಿಡುವುದು “ಮುಖ್ಯ ಕರಾರಿಗೆ ಬೇಡ, ಪಕ್ಕದ ಒಡಂಬಡಿಕೆ ಪತ್ರ ಮಾಡಿಕೊಳ್ಳೋಣ” ಎಂಬುದನ್ನು. ಪ್ರಯೋಗಕ್ಕೆ ಅದು ಸರಿ, ಆದರೆ ಅಂಥ ಪತ್ರಕ್ಕೆ ಮುಕ್ತಾಯದ ದಿನಾಂಕವಿರುತ್ತದೆ. ಆ ದಿನಾಂಕ ಕಳೆದರೂ ಹೊಸದು ಆಗುವವರೆಗೆ ಇದೇ ಮುಂದುವರಿಯುತ್ತದೆ ಎಂದೂ, ಉಲ್ಲಂಘನೆಗೆ ಮುಖ್ಯ ಕರಾರಿನ ಕುಂದುಕೊರತೆ ವಿಧಾನವೇ ಅನ್ವಯಿಸುತ್ತದೆ ಎಂದೂ ಬರೆಸಿ. ಒಪ್ಪಿದ ಪ್ರತಿ ಪ್ಯಾರಾಕ್ಕೆ ಅಂದೇ ದಿನಾಂಕ ಹಾಕಿ ಎರಡೂ ಕಡೆಯವರು ಸಹಿ ಮಾಡಿ. ಮಾತುಕತೆಯ ನಡುವೆ ಆಡಳಿತ ಹೊಸ ಸರ್ವೇ ತಂತ್ರಾಂಶ ತಂದರೆ ಸುಮ್ಮನಿರಬೇಡಿ. ಕಡ್ಡಾಯ ವಿಷಯದಲ್ಲಿ ಏಕಪಕ್ಷೀಯ ಬದಲಾವಣೆ ಚೌಕಾಶಿಯ ಹೊಣೆಯ ಉಲ್ಲಂಘನೆ ಎಂದು 1962ರ ಕಾಟ್ಜ್ ತೀರ್ಪು ಹೇಳಿದೆ. ಬರವಣಿಗೆಯಲ್ಲಿ ಆಕ್ಷೇಪಿಸಿ ಚೌಕಾಶಿಗೆ ಕರೆಯಿರಿ. ಆಕ್ಷೇಪಿಸದೆ ಒಂದು ವರ್ಷ ಕಳೆದರೆ ಅದನ್ನೇ ನಿಮ್ಮ ಒಪ್ಪಿಗೆ ಎನ್ನುತ್ತಾರೆ.

ಸಹಿಯಾದ ಮೇಲೆ

ಉಲ್ಲಂಘನೆಗೆ ಪರಿಹಾರವೇನೆಂಬುದು ಕರಾರಿನಲ್ಲಿ ಇಲ್ಲದಿದ್ದರೆ, ಗೆದ್ದ ದೂರೂ ಬರಿಗೈ. ಮಧ್ಯಸ್ಥ ತೀರ್ಪುಗಾರರು ತಾವೇ ಟೆನ್ಯೂರ್ ಕೊಡಲು ಹಿಂಜರಿಯುತ್ತಾರೆ, ಅನೇಕ ಕರಾರುಗಳು ಅದನ್ನು ನಿಷೇಧಿಸಿಯೂ ಇವೆ. ಹಾಗಾಗಿ ಹೀಗೆ ಬರೆಯಿರಿ: ನಿಯಮ ಮೀರಿ ಫೀಡ್‌ಬ್ಯಾಕ್ ನೋಡಿದ ಸಮಿತಿಯ ನಿರ್ಧಾರ ರದ್ದು, ಅದನ್ನು ನೋಡದ ಹೊಸ ಸದಸ್ಯರಿಂದ ಹೊಸ ಪರಿಶೀಲನೆ, ಅಲ್ಲಿಯವರೆಗೆ ನೇಮಕದ ಅವಧಿ ವಿಸ್ತರಣೆ. ದೂರಿನ ಗಡುವು ಉಲ್ಲಂಘನೆ ನಡೆದ ದಿನದಿಂದ ಶುರುವಾಗಬಾರದು, ಬೋಧಕರಿಗೆ ಅದು ತಿಳಿದ ದಿನದಿಂದ ಶುರುವಾಗಲಿ. ಯಾರೋ ಪಟ್ಟಿ ತೆರೆದದ್ದು ಬೋಧಕರಿಗೆ ಗೊತ್ತಾಗುವಷ್ಟರಲ್ಲಿ ಮೂವತ್ತು ದಿನ ದಾಟಿಹೋಗಿರುತ್ತದೆ.

ಅಭಿಪ್ರಾಯವೊಂದರ ಮೇಲೆ ಮುಖ್ಯಸ್ಥರು ಸದಸ್ಯರನ್ನು ವಿಚಾರಣೆಗೆ ಕರೆದರೆ, ಶಿಸ್ತುಕ್ರಮದ ಭಯಕ್ಕೆ ಕಾರಣವಿದ್ದಲ್ಲಿ ಸಂಘದ ಪ್ರತಿನಿಧಿ ಜೊತೆಗಿರಬೇಕೆಂದು ಕೇಳುವ ಹಕ್ಕಿದೆ. 1975ರ ವೈನ್‌ಗಾರ್ಟನ್ ತೀರ್ಪು ಖಾಸಗಿ ವಲಯಕ್ಕೆ ಅದನ್ನು ಕೊಟ್ಟಿದೆ, ಹಲವು ರಾಜ್ಯಗಳು ಸರ್ಕಾರಿ ನೌಕರರಿಗೂ ಕೊಟ್ಟಿವೆ. ಕೇಳಿದರೆ ಮಾತ್ರ ಸಿಗುವ ಹಕ್ಕು ಇದು. ಪ್ರತಿ ಸದಸ್ಯರಿಗೂ ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಕೊಡಿ.

ಉಳಿದದ್ದು ಮನೆಗೆಲಸದಂಥದ್ದು. ಪ್ರತಿ ಸೆಮಿಸ್ಟರ್ ಆರಂಭದಲ್ಲಿ ತಂತ್ರಾಂಶದ ಅನುಮತಿ ಪಟ್ಟಿಯನ್ನು ಐಟಿಯಿಂದ ತರಿಸಿ ಕರಾರಿನ ಹುದ್ದೆಗಳೊಂದಿಗೆ ತಾಳೆ ನೋಡಿ. ಹೊಸ ಮುಖ್ಯಸ್ಥರಿಗೆ ಅರ್ಧ ಗಂಟೆಯ ತರಬೇತಿ, ಸಂಘ ಮತ್ತು ಆಡಳಿತ ಜಂಟಿಯಾಗಿ. ಅಳಿಸುವ ಗಡುವು ಬಂದಾಗ ನಡೆಯುತ್ತಿರುವ ದೂರುಗಳ ಪಟ್ಟಿ ಮೊದಲು ನೋಡಿ, ಸಂಬಂಧಪಟ್ಟ ದಾಖಲೆ ಉಳಿಸಲು ಪತ್ರ ಕೊಟ್ಟು, ಉಳಿದದ್ದನ್ನು ಅಳಿಸಿದ ದೃಢೀಕರಣ ಪಡೆಯಿರಿ. ಈ ಕೆಲಸಕ್ಕೆ ಸಂಘದಲ್ಲಿ ಒಬ್ಬರ ಹೆಸರು ಹಚ್ಚಿ. ಚೌಕಾಶಿ ತಂಡದಲ್ಲಿದ್ದವರೇ ಆದರೆ ಒಳ್ಳೆಯದು, ಯಾವ ಅಲ್ಪವಿರಾಮ ಎಲ್ಲಿ ಏಕೆ ಬಿತ್ತೆಂದು ಅವರಿಗೆ ನೆನಪಿರುತ್ತದೆ. ಮಾತುಕತೆಯ ಟಿಪ್ಪಣಿಗಳನ್ನೂ ಅವರ ಬಳಿಯೇ ಇಡಿ. ಎರಡು ವರ್ಷದ ನಂತರ ಒಂದು ಪದದ ಅರ್ಥಕ್ಕೆ ತೀರ್ಪುಗಾರರ ಮುಂದೆ ಜಗಳವಾದರೆ ಅವರು ಮೊದಲು ಕೇಳುವುದು ಆ ಟಿಪ್ಪಣಿಗಳನ್ನೇ.